ರೊಟ್ಟಿ ಕೇಂದ್ರದ ಕಪಾಟಿನಲ್ಲಿ ಉದ್ಯಮಿಗಳ ಪಾಠ

ನಮ್ಮದು ಹುಬ್ಬಳ್ಳಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡುವ ಸಣ್ಣ ಕೇಂದ್ರ. ಲೆಕ್ಕದ ಪುಸ್ತಕ ಇಡುವ ಕಬ್ಬಿಣದ ಕಪಾಟಿನ ಕೆಳಗಿನ ಖಾನೆಯಲ್ಲಿ ಕೆಲವು ಉದ್ದನೆಯ ಡಬ್ಬಿಗಳಿವೆ. ಅವುಗಳ ತುಂಬ ದಪ್ಪ ಕಾಗದದ ಚೀಟಿಗಳು. ಉದ್ಯಮಿಗಳ ಆತ್ಮಕಥೆ, ಜೀವನಚರಿತ್ರೆ, ಕಂಪನಿಗಳ ಇತಿಹಾಸ ಓದುವಾಗ ನಮ್ಮ ವ್ಯವಹಾರಕ್ಕೆ ಎಂದಾದರೂ ಬೇಕಾದೀತು ಅನ್ನಿಸಿದ್ದನ್ನೆಲ್ಲ ಆ ಚೀಟಿಗಳಲ್ಲಿ ಬರೆದಿಟ್ಟಿದ್ದೇನೆ. ವರ್ಷಗಳಿಂದ ಬೆಳೆದ ಈ ಸಂಗ್ರಹ ಈಗ ನನ್ನ ದಿನದ ಕೆಲಸದ ಭಾಗವಾಗಿದೆ. ಇದನ್ನು ಹೇಗೆ ಮಾಡುತ್ತೀರಿ ಅಂತ ನಮ್ಮ ಕಡೆಯ ಕೆಲವು ಹೆಣ್ಣುಮಕ್ಕಳು ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಚೀಟಿಗಳನ್ನು ನಾನು ಉದ್ಯಮಿಯ ಹೆಸರಿನಡಿ ಇಡುವುದಿಲ್ಲ, ಪುಸ್ತಕದ ಹೆಸರಿನಡಿಯೂ ಇಡುವುದಿಲ್ಲ. ಪೇಚಿನ ಹೆಸರಿನಡಿ ಇಡುತ್ತೇನೆ. ‘ಬಾಡಿಗೆ ಮತ್ತು ಕರಾರು’, ‘ದೊಡ್ಡ ಆರ್ಡರ್’, ‘ಉದ್ರಿ ವಸೂಲಿ’, ‘ಒಬ್ಬನೇ ಗಿರಾಕಿ’, ‘ಸಾಲ’, ‘ಬ್ರ್ಯಾಂಡು’, ‘ಬಿಟ್ಟುಬಿಡುವುದು’ ಹೀಗೆ. ಇವತ್ತು ವಾಲ್‌ಮಾರ್ಟ್ ಅಂಗಡಿಗಳನ್ನು ಕಟ್ಟಿದ ಸ್ಯಾಮ್ ವಾಲ್ಟನ್ ಬೇಕು ಅಂದುಕೊಂಡು ಯಾರೂ ಕಪಾಟು ತೆಗೆಯುವುದಿಲ್ಲ. ಶೆಡ್ಡಿನ ಮಾಲೀಕರು ಮುಂದಿನ ವಾರ ಮಾತಾಡೋಣ ಅಂದಾಗ ತೆಗೆಯುತ್ತೇವೆ. ಆ ಹೊತ್ತಿಗೆ ಕೈಗೆ ಸಿಗಬೇಕಾದ್ದು ಆ ಪೇಚಿಗೆ ಸಂಬಂಧಿಸಿದ್ದು ಮಾತ್ರ.

ವಾಲ್ಟನ್‌ನ ಚೀಟಿಯನ್ನೇ ತೋರಿಸುತ್ತೇನೆ. ವಾಲ್‌ಮಾರ್ಟ್ ಶುರುವಾಗಿದ್ದು 1962ರಲ್ಲಿ. ಅದಕ್ಕೂ ಬಹಳ ಮೊದಲು, 1945ರಲ್ಲಿ, ಅವನು ಅಮೆರಿಕದ ಅರ್ಕನ್ಸಾ ರಾಜ್ಯದ ನ್ಯೂಪೋರ್ಟ್ ಎಂಬ ಸಣ್ಣ ಊರಿನಲ್ಲಿ ಬೆನ್ ಫ್ರಾಂಕ್ಲಿನ್ ಹೆಸರಿನ ಒಂದು ಅಂಗಡಿ ಹಿಡಿದ. ಮಾರಾಟದ ಶೇ. 5ರಷ್ಟು ಬಾಡಿಗೆ. ಹಗಲೂರಾತ್ರಿ ದುಡಿದು ಆ ಅಂಗಡಿಯನ್ನು ಆ ಪ್ರದೇಶದಲ್ಲೇ ಮುಂಚೂಣಿಗೆ ತಂದ. ಆದರೆ ಕರಾರನ್ನು ನವೀಕರಿಸುವ ಹಕ್ಕು ತನಗಿದೆ ಎಂಬ ಮಾತು ಕರಾರುಪತ್ರದಲ್ಲಿ ಇರಲಿಲ್ಲ. ಅಂಗಡಿ ಚೆನ್ನಾಗಿ ನಡೆಯುವುದನ್ನು ಕಂಡ ಮಾಲೀಕ ತನ್ನ ಮಗನಿಗೆ ಅದು ಬೇಕೆಂದ, ಎಷ್ಟು ಬಾಡಿಗೆ ಕೊಟ್ಟರೂ ಒಪ್ಪಲಿಲ್ಲ. 1950ರಲ್ಲಿ ವಾಲ್ಟನ್ ಕುಟುಂಬ ಊರನ್ನೇ ಬಿಟ್ಟು ಬೆಂಟನ್‌ವಿಲ್‌ಗೆ ಹೋಗಬೇಕಾಯಿತು. ಅಲ್ಲಿ ಅಂಗಡಿ ದೊಡ್ಡದು ಮಾಡಲು ಪಕ್ಕದ ಕ್ಷೌರದಂಗಡಿಯ ಜಾಗ ಬೇಕಾದಾಗ 99 ವರ್ಷದ ಕರಾರು ಮಾಡಿಸಿಕೊಂಡ.

ವಾಲ್ಟನ್‌ನ ಆತ್ಮಕಥೆಯಲ್ಲಿ ಇದು ಕೆಲವೇ ಪುಟಗಳ ವಿಷಯ. ಓದುವವರೆಲ್ಲ ವಾಲ್‌ಮಾರ್ಟ್ ಹೇಗೆ ಬೆಳೆಯಿತು ಎಂಬ ಭಾಗಕ್ಕೆ ಓಡುತ್ತಾರೆ. ನನ್ನಂಥ ಬಾಡಿಗೆ ಶೆಡ್ಡಿನವರಿಗೆ ಇಡೀ ಪುಸ್ತಕದಲ್ಲಿ ಇದಕ್ಕಿಂತ ಬೆಲೆಬಾಳುವ ಭಾಗ ಇನ್ನೊಂದಿಲ್ಲ. ಈಗಿನ ಶೆಡ್ಡು ಹಿಡಿಯುವಾಗ ನಾನು ಈ ಚೀಟಿ ತೆಗೆದು ಓದಿ ಹೋಗಿದ್ದೆ. ನಮ್ಮಲ್ಲಿ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕು. ಆ ಖರ್ಚು, ಓಡಾಟ ತಪ್ಪಿಸಲಿಕ್ಕೆ 11 ತಿಂಗಳ ಕರಾರಿನ ರೂಢಿ ಬಂದಿದೆ. ಮಾಲೀಕರೂ ಅದನ್ನೇ ಹೇಳಿದರು: “ಹನ್ನೊಂದು ತಿಂಗಳದ್ದ ಮಾಡೋಣ್ರಿ ಅಕ್ಕಾರ, ಆಮ್ಯಾಲೆ ಮತ್ತ ಬರಕೊಂಡ್ರಾತು.”

“ಇಲ್ರಿ ಕಾಕಾರ, ಐದು ವರ್ಷದ್ದ ಇರ್ಲಿ. ನೋಂದಣಿ ಖರ್ಚು ನಾನ ಹಾಕ್ತೀನಿ” ಅಂದೆ. ಒಲೆಗಳ ಕಟ್ಟೆ, ಹೊಗೆ ಹೋಗುವ ಚಿಮಣಿ, ಹೆಚ್ಚಿನ ವಿದ್ಯುತ್ ಲೋಡು ಎಲ್ಲ ನನ್ನ ದುಡ್ಡಿನಲ್ಲೇ ಆಗುವುದಿತ್ತು. ಅವನ್ನು ಕಿತ್ತುಕೊಂಡು ಹೋಗಲಿಕ್ಕೆ ಬರುವುದಿಲ್ಲ. ಐದು ವರ್ಷವಾದ ಮೇಲೆ ಇಂತಿಷ್ಟು ಏರಿಕೆಯೊಂದಿಗೆ ಮುಂದುವರಿಸುವ ಹಕ್ಕು ನನಗಿರಬೇಕು ಅನ್ನುವುದನ್ನೂ ಸೇರಿಸಿಕೊಂಡೆ. ಕಾಕಾ ಒಳ್ಳೆಯವರು, ಒಪ್ಪಿದರು. ಚೀಟಿಯ ಹಿಂಬದಿಯಲ್ಲಿ ಅದೆಲ್ಲ ಬರೆದಿದೆ.

ಚೀಟಿಗೆ ಎರಡು ಮೈ. ಮುಂದಿನ ಮೈಯಲ್ಲಿ ಪುಸ್ತಕದ ಸಂಗತಿ: ಯಾರು, ಯಾವ ವರ್ಷ, ಏನು ಪೇಚು, ಆಗ ಕೈಯಲ್ಲಿ ಎಷ್ಟಿತ್ತು, ಬೇರೆ ಯಾವ ದಾರಿಗಳಿದ್ದವು, ಯಾವುದನ್ನು ಹಿಡಿದರು, ಮುಂದೆ ಏನಾಯಿತು. ಕೊನೆಗೆ ಪುಟಸಂಖ್ಯೆ. ಇದು ಎಂಟು ಹತ್ತು ಸಾಲು ಮೀರಬಾರದು. ಹಿಂದಿನ ಮೈ ಖಾಲಿ. ನಮ್ಮಲ್ಲಿ ಅಂಥ ಪ್ರಸಂಗ ಬಂದು, ಚೀಟಿ ನೋಡಿ ಏನಾದರೂ ಮಾಡಿದರೆ ಅದನ್ನು ತಾರೀಖಿನ ಸಮೇತ ಅಲ್ಲಿ ಬರೆಯುತ್ತೇನೆ. ‘ಪರಿಶ್ರಮವೇ ಯಶಸ್ಸಿನ ಗುಟ್ಟು’ ಅನ್ನುವಂಥ ವಾಕ್ಯಗಳಿಗೆ ನನ್ನಲ್ಲಿ ಚೀಟಿ ಇಲ್ಲ. ಅಂಥ ಮಾತು ಯಾವ ಪೇಚಿಗೂ ಸೇರುವುದಿಲ್ಲ, ಎಲ್ಲಕ್ಕೂ ಸೇರುತ್ತದೆ. ಸಂಗತಿ ಇಲ್ಲದ ಪಾಠವನ್ನು ನಾನು ಬರೆದುಕೊಳ್ಳುವುದಿಲ್ಲ. ಓದುವುದು ಬಹಳ ಸಲ ಇಂಗ್ಲಿಷಿನಲ್ಲಾದರೂ ಬರೆಯುವುದು ಕನ್ನಡದಲ್ಲಿ, ಯಾಕೆಂದರೆ ಲೆಕ್ಕ ನೋಡಿಕೊಳ್ಳುವ ನನ್ನ ನಾದಿನಿಯೂ ಅವನ್ನು ಓದಬೇಕು.

ದುಡ್ಡಿನ ಲೆಕ್ಕಕ್ಕೆ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಡಾಲರನ್ನು ಇವತ್ತಿನ ರೂಪಾಯಿಗೆ ತಿರುಗಿಸುವುದಿಲ್ಲ. ಪಾಲು ಬರೆಯುತ್ತೇನೆ. ನ್ಯೂಪೋರ್ಟಿನ ಅಂಗಡಿಗೆ ಬೇಕಾಗಿದ್ದು 25,000 ಡಾಲರ್. ಅದರಲ್ಲಿ ವಾಲ್ಟನ್ ದಂಪತಿಯ ಸ್ವಂತದ್ದು 5,000, ಮಾವ ಸಾಲ ಕೊಟ್ಟಿದ್ದು 20,000. ಚೀಟಿಯಲ್ಲಿ ‘ಐದರಲ್ಲಿ ಒಂದು ತನ್ನದು, ನಾಲ್ಕು ಮಾವನದು’ ಅಂತಿದೆ. ಯಾರ ದುಡ್ಡು ಎಂಬುದು ನಾನು ಪ್ರತಿ ಪುಸ್ತಕದಲ್ಲೂ ಹುಡುಕುವ ಸಂಗತಿ. 1981ರಲ್ಲಿ ಇನ್ಫೋಸಿಸ್ ಶುರುವಾದಾಗ ಮೂಲಧನವಾಗಿ ಬಂದಿದ್ದು ಸುಧಾ ಮೂರ್ತಿಯವರು ಉಳಿಸಿಟ್ಟಿದ್ದ 10,000 ರೂಪಾಯಿ. ಬರಿಗೈಯಲ್ಲಿ ಬಂದು ಕಟ್ಟಿದರು ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹುಡುಕಿದರೆ ಬಹುಪಾಲು ಕಡೆ ಹೆಂಡತಿ, ಮಾವ, ಅಪ್ಪ, ಗೆಳೆಯ ಯಾರೋ ಒಬ್ಬರು ಸಿಗುತ್ತಾರೆ. ಇದನ್ನು ಬರೆದುಕೊಂಡರೆ ಓದುವ ಹುಡುಗಿಯರಿಗೆ ತಾವೇ ಕೈಲಾಗದವರು ಅನ್ನುವ ಭಾವ ಬರುವುದಿಲ್ಲ. ನಮ್ಮ ಊರುಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಉದ್ಯೋಗ ನಿಂತಿರುವುದು ಆ ಮೊದಲ ದುಡ್ಡಿಲ್ಲದ್ದಕ್ಕೇ.

ಜೊತೆಗೆ ಆ ಕೆಲಸದಲ್ಲಿ ಬೇರೆ ಯಾರ ಕೈ ಇತ್ತು ಅಂತ ಬರೆಯಲಿಕ್ಕೆ ‘ಇನ್ನ್ಯಾರು?’ ಎಂಬ ಒಂದು ಸಾಲು. ಎಮ್ಮೆ ಹಾಲಿನಿಂದ ಪುಡಿ ಮಾಡಲು ಆಗುವುದಿಲ್ಲ ಅಂತ ವಿದೇಶಿ ತಜ್ಞರು ಹೇಳುತ್ತಿದ್ದ ಕಾಲದಲ್ಲಿ ಗುಜರಾತಿನ ಆಣಂದ್‌ನ ಅಮುಲ್ ಡೇರಿಗಾಗಿ ಅದನ್ನು ಮಾಡಿ ತೋರಿಸಿದ್ದು ಎಚ್.ಎಂ. ದಲಾಯಾ. ಹೆಸರು ಬಂದಿದ್ದು ಬಹುತೇಕ ವರ್ಗೀಸ್ ಕುರಿಯನ್ ಅವರಿಗೆ, ಆದರೆ ಕುರಿಯನ್ ಸ್ವತಃ ದಲಾಯಾರನ್ನೂ ರೈತರನ್ನು ಒಗ್ಗೂಡಿಸಿದ ತ್ರಿಭುವನದಾಸ್ ಪಟೇಲರನ್ನೂ ಮನಸಾರೆ ನೆನೆದಿದ್ದಾರೆ. ಎಲ್ಲ ಆತ್ಮಕಥೆಗಳಲ್ಲೂ ಅಷ್ಟು ಉದಾರತೆ ಇರುವುದಿಲ್ಲ. ರೇ ಕ್ರಾಕ್ 1955ರಲ್ಲಿ ಅಮೆರಿಕದ ಡೆಸ್ ಪ್ಲೇನ್ಸ್‌ನಲ್ಲಿ ತೆರೆದ ಹೋಟೆಲನ್ನೇ ಮೆಕ್‌ಡೊನಾಲ್ಡ್ಸ್‌ನ ಒಂದನೆಯದು ಅಂತ ಎಣಿಸುತ್ತಿದ್ದ. ಆ ಹೋಟೆಲಿನ ಪದ್ಧತಿಯನ್ನು ಕಂಡುಹಿಡಿದ ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರು ಅದಕ್ಕೂ ಮೊದಲೇ ಕ್ಯಾಲಿಫೋರ್ನಿಯಾದಲ್ಲಿ ನಡೆಸುತ್ತಿದ್ದರು, 1961ರಲ್ಲಿ 27 ಲಕ್ಷ ಡಾಲರಿಗೆ ಅವನಿಗೇ ಮಾರಿದರು. ಹೀಗಾಗಿ ಆತ್ಮಕಥೆಯ ಚೀಟಿಗೆ ಮೂಲೆಯಲ್ಲಿ ‘ತಾನೇ ಹೇಳಿದ್ದು’ ಅಂತ ಬರೆಯುತ್ತೇನೆ. ಬೇರೆಯವರು ಬರೆದ ಪುಸ್ತಕದಲ್ಲೂ ಅದೇ ಸಂಗತಿ ಸಿಕ್ಕಿದರೆ ಆ ಗುರುತನ್ನು ಅಳಿಸುತ್ತೇನೆ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಚೀಟಿ. ಸೋನಿಯ ಅಕಿಯೊ ಮೊರಿಟಾ 1955ರಲ್ಲಿ ಸಣ್ಣ ಟ್ರಾನ್ಸಿಸ್ಟರ್ ರೇಡಿಯೊ ಹಿಡಿದು ಅಮೆರಿಕದಲ್ಲಿ ಅಂಗಡಿ ಅಂಗಡಿ ಸುತ್ತುತ್ತಿದ್ದ. ಸುಮಾರು 150 ಅಂಗಡಿಗಳ ಜಾಲವಿದ್ದ ಒಬ್ಬ ವ್ಯಾಪಾರಿ 5,000, 10,000, 30,000, 50,000, ಒಂದು ಲಕ್ಷ ರೇಡಿಯೊಗಳಿಗೆ ಬೇರೆ ಬೇರೆ ದರ ಬರೆದುಕೊಡಲು ಹೇಳಿದ. ಸಂಖ್ಯೆ ಹೆಚ್ಚಿದಂತೆ ದರ ಇಳಿಯುತ್ತದೆ ಅಂತ ಎಲ್ಲರ ಎಣಿಕೆ. ಮೊರಿಟಾ ಕೊಟ್ಟ ಪಟ್ಟಿಯಲ್ಲಿ 10,000ಕ್ಕೆ ದರ ಎಲ್ಲಕ್ಕಿಂತ ಕಡಿಮೆ, ಅಲ್ಲಿಂದ ಮತ್ತೆ ಏರಿಕೆ. 50,000ಕ್ಕೆ ಹೇಳಿದ ದರ 5,000ದ ದರಕ್ಕಿಂತ ಹೆಚ್ಚು, ಒಂದು ಲಕ್ಷಕ್ಕೆ ಇನ್ನೂ ಹೆಚ್ಚು. ಕಾರಣ ಸರಳ. ಅಷ್ಟು ರೇಡಿಯೊ ಮಾಡಲು ಹೊಸ ಕಟ್ಟಡ, ಹೊಸ ಕೆಲಸಗಾರರು ಬೇಕು. ಮುಂದಿನ ವರ್ಷ ಅದೇ ಆರ್ಡರ್ ಬರದಿದ್ದರೆ ಅವರನ್ನೆಲ್ಲ ಸಾಕುವುದು ಹೇಗೆ? ಆ ಅಪಾಯದ ಬೆಲೆಯನ್ನೂ ದರದಲ್ಲಿ ಸೇರಿಸಿದ್ದ. ವ್ಯಾಪಾರಿ ಮೊದಲು ದಂಗಾದ, ಆಮೇಲೆ ವಿವರಣೆ ಕೇಳಿ 10,000 ರೇಡಿಯೊಗಳಿಗೆ ಆ ದರದಲ್ಲೇ ಆರ್ಡರ್ ಕೊಟ್ಟ.

ರೊಟ್ಟಿಗೂ ಇದು ಅಕ್ಷರಶಃ ಅನ್ವಯಿಸುತ್ತದೆ. ಕೈಯಲ್ಲಿ ಬಡಿಯುವ ಜೋಳದ ರೊಟ್ಟಿಯನ್ನು ಒಬ್ಬ ಹೆಣ್ಣುಮಗಳು ದಿನಕ್ಕೆ ಇನ್ನೂರರ ಆಸುಪಾಸು ಮಾಡಬಹುದು. ಅದಕ್ಕಿಂತ ಹೆಚ್ಚಾದರೆ ರಟ್ಟೆ ಬೀಳುತ್ತದೆ, ರೊಟ್ಟಿ ದಪ್ಪವಾಗುತ್ತದೆ. ನಮ್ಮಲ್ಲಿರುವ ಹೆಂಚುಗಳು, ಕೈಗಳು ಪೂರ್ತಿ ತುಂಬುವವರೆಗೆ ದರ ಇಳಿಸಬಹುದು. ಅದನ್ನು ದಾಟಿದ ಮೊದಲ ರೊಟ್ಟಿಗೇ ಹೊಸ ಒಲೆ, ಹೊಸ ಹೆಣ್ಣುಮಗಳು, ಒಣಗಿಸಲು ಜಾಗ, ಪ್ಯಾಕಿಂಗಿಗೆ ಮತ್ತೊಬ್ಬರು. ಬೆಂಗಳೂರಿನ ಒಂದು ದೊಡ್ಡ ಅಂಗಡಿ ಸರಣಿಯವರು ನಮ್ಮ ತಿಂಗಳ ಒಟ್ಟು ತಯಾರಿಕೆಯ ಹಲವು ಪಟ್ಟು ರೊಟ್ಟಿ ಕೇಳಿದಾಗ ನಾದಿನಿ ಖುಷಿಯಿಂದ ಕುಣಿದಳು. ಆ ರಾತ್ರಿ ಇಬ್ಬರೂ ಕೂತು ಚೀಟಿ ಎದುರಿಗಿಟ್ಟುಕೊಂಡು ನಾಲ್ಕು ಹಂತದ ದರ ಬರೆದೆವು. ಕೊನೆಯ ಹಂತದ ದರ ನೋಡಿ, “ವೈನಿ, ಇದನ್ನ ಕಳಿಸಿದ್ರ ಅವ್ರು ನಗತಾರ” ಅಂದಳು. ಕಳಿಸಿದೆವು. ಖರೀದಿ ವಿಭಾಗದವರು ಫೋನ್ ಮಾಡಿ, “ಮೇಡಂ, ಜಾಸ್ತಿ ತಗೊಂಡ್ರೆ ರೇಟು ಜಾಸ್ತಿ ಆಗತ್ತಾ?” ಅಂತ ಕೇಳಿದರು. ಹೆಂಚು, ಕೈ, ಕೂಲಿ ಎಲ್ಲ ಬಿಡಿಸಿ ಹೇಳಿದೆ. ಎರಡನೆಯ ಹಂತಕ್ಕೆ ಒಪ್ಪಿದರು. ಇವತ್ತಿಗೂ ಅದೇ ಪ್ರಮಾಣದಲ್ಲಿ ಮಾಲು ಹೋಗುತ್ತಿದೆ, ಹೊಸದಾಗಿ ಯಾರನ್ನೋ ಸೇರಿಸಿಕೊಂಡು ಆಮೇಲೆ ಮನೆಗೆ ಕಳಿಸುವ ಪ್ರಸಂಗ ಬಂದಿಲ್ಲ. ನನಗೆ ಅದು ಲಾಭಕ್ಕಿಂತ ದೊಡ್ಡ ಮಾತು. ನಮ್ಮಲ್ಲಿ ಕೆಲಸಕ್ಕೆ ಬರುವವರಲ್ಲಿ ಹಲವರ ಮನೆ ನಡೆಯುವುದೇ ಆ ಕೂಲಿಯ ಮೇಲೆ.

ಒಂದೇ ಪೇಚಿಗೆ ಉಲ್ಟಾ ಉತ್ತರ ಕೊಡುವ ಚೀಟಿಗಳನ್ನು ಒಟ್ಟಿಗೆ ದಾರ ಕಟ್ಟಿ ಇಡುತ್ತೇನೆ. ‘ಬ್ರ್ಯಾಂಡು’ ಖಾನೆಯಲ್ಲಿ ಅಂಥ ಒಂದು ಕಟ್ಟಿದೆ. ಅದೇ ಮೊರಿಟಾಗೆ ಅಮೆರಿಕದ ಗಡಿಯಾರದ ಕಂಪನಿ ಬುಲೋವಾದವರು ಒಂದು ಲಕ್ಷ ರೇಡಿಯೊ ಕೊಳ್ಳುತ್ತೇವೆ, ಆದರೆ ನಮ್ಮ ಹೆಸರಿನಲ್ಲಿ ಮಾರುತ್ತೇವೆ ಅಂದರು. ಟೋಕಿಯೊದಿಂದ ಒಪ್ಪಿಕೋ ಅಂತ ಒತ್ತಾಯ ಬಂದರೂ ಅವನು ಒಪ್ಪಲಿಲ್ಲ. ಅದರ ಪಕ್ಕದಲ್ಲಿ ಫಿಲ್ ನೈಟ್. 1964ರಿಂದ ಜಪಾನಿನ ಒನಿತ್ಸುಕಾ ಕಂಪನಿಯ ಟೈಗರ್ ಬೂಟು ಮಾರಿಯೇ ಬೆಳೆದವನು, ಆ ಸಂಬಂಧ ಕೆಡತೊಡಗಿದಾಗ ನೈಕಿ ಅಂತ ತನ್ನದೇ ಬ್ರ್ಯಾಂಡು ಮಾಡಿಕೊಂಡ. ಮೂರನೆಯದು ತೈವಾನಿನ ಟೆರ್ರಿ ಗೌ. 1974ರಲ್ಲಿ ಟಿ.ವಿ.ಗಳ ಪ್ಲಾಸ್ಟಿಕ್ ಗುಂಡಿ ಮಾಡುವ ಘಟಕದಿಂದ ಶುರುಮಾಡಿ, ಉದ್ದಕ್ಕೂ ಬೇರೆಯವರ ಹೆಸರಿನ ವಸ್ತುಗಳನ್ನೇ ತಯಾರಿಸಿ ಫಾಕ್ಸ್‌ಕಾನ್ ಕಟ್ಟಿದ. ಅದರ ಕಾರ್ಖಾನೆ ಈಗ ನಮ್ಮ ದೇವನಹಳ್ಳಿಯಲ್ಲೂ ಇದೆ. ಯಾರು ಸರಿ? ಚೀಟಿಗಳನ್ನು ಒಟ್ಟಿಗೆ ಹರಡಿದರೆ ಪ್ರಶ್ನೆಯೇ ಬದಲಾಗುತ್ತದೆ. ಬೇರೆಯವರಿಗೆ ಮಾಡಿಕೊಡುವವನು ಯಾರೂ ಸಲೀಸಾಗಿ ಬದಲಿಸಲಾಗದಷ್ಟು ದೊಡ್ಡ ಪ್ರಮಾಣದಲ್ಲಿ, ಕಡಿಮೆ ಖರ್ಚಿನಲ್ಲಿ ಮಾಡಬೇಕು. ನಾವು ಕೈರೊಟ್ಟಿಯವರು ಆ ಸ್ಪರ್ಧೆಗೆ ಇಳಿಯಲಾರೆವು. ಹೀಗಾಗಿ ಪೊಟ್ಟಣದ ಮೇಲೆ ನಮ್ಮ ಹೆಸರೇ ಇರಬೇಕು ಅಂತ ಹಟ ಹಿಡಿದಿದ್ದೇನೆ.

ನಮ್ಮ ನೆಲದ ಚೀಟಿಗಳು ಇನ್ನೂ ಹತ್ತಿರ. ‘ಉದ್ರಿ ವಸೂಲಿ’ಯಲ್ಲಿ ಟಿ.ಎಂ.ಎ. ಪೈ ಇದ್ದಾರೆ. 1925ರಲ್ಲಿ ಉಡುಪಿಯಲ್ಲಿ ಅವರು ಜೊತೆಗಾರರೊಂದಿಗೆ ಶುರುಮಾಡಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಠೇವಣಿ ತಂದರು. ಏಜೆಂಟರು ದಿನಾ ಮನೆಬಾಗಿಲಿಗೆ ಹೋಗಿ ಎರಡಾಣೆಯನ್ನೂ ಬಿಡದೆ ಸಂಗ್ರಹಿಸಿದರು. ದಿನದ ಗಳಿಕೆಯವನ ಕೈಯಲ್ಲಿ ತಿಂಗಳ ಕೊನೆಗೆ ದುಡ್ಡು ನಿಂತಿರುವುದಿಲ್ಲ ಎಂಬ ತಿಳಿವಳಿಕೆ ಅದರ ಹಿಂದಿತ್ತು. ಸಣ್ಣ ಕಿರಾಣಿ ಅಂಗಡಿಗಳಿಂದ ತಿಂಗಳಿಗೊಮ್ಮೆ ವಸೂಲಿ ಮಾಡುವುದನ್ನು ಬಿಟ್ಟು, ಮಾಲು ಹಾಕುವ ಹುಡುಗನೇ ಹೋದಾಗಲೆಲ್ಲ ಹಿಂದಿನ ಸಲದ್ದನ್ನು ತರುವ ಪದ್ಧತಿ ಮಾಡಿದ್ದು ಈ ಚೀಟಿಯಿಂದ. ಅಂಗಡಿಯವರಿಗೂ ಹಗುರ, ನಮಗೂ ಬಾಕಿ ಬೆಳೆಯುವುದಿಲ್ಲ.

‘ಬಿಟ್ಟುಬಿಡುವುದು’ ಖಾನೆಯಲ್ಲಿ ಚೀಟಿ ಕಡಿಮೆ. ಗೆದ್ದವರು ಬಿಟ್ಟಿದ್ದರ ಬಗ್ಗೆ ಕಡಿಮೆ ಬರೆಯುತ್ತಾರೆ, ಮುಳುಗಿದವರು ಪುಸ್ತಕವನ್ನೇ ಬರೆಯುವುದಿಲ್ಲ. ಇಂಟೆಲ್‌ನ ಆಂಡಿ ಗ್ರೋವ್ ಮಾತ್ರ ಮನಬಿಚ್ಚಿ ಬರೆದಿದ್ದಾನೆ. 1985ರಲ್ಲಿ ಮೆಮೊರಿ ಚಿಪ್ಪಿನ ವ್ಯವಹಾರ ನಷ್ಟದಲ್ಲಿದ್ದಾಗ ಕಂಪನಿಯ ಮುಖ್ಯಸ್ಥ ಗಾರ್ಡನ್ ಮೂರ್‌ನನ್ನು ಅವನು ಕೇಳಿದ್ದು ಇಷ್ಟು: ನಮ್ಮನ್ನು ತೆಗೆದುಹಾಕಿ ಹೊಸಬನನ್ನು ತಂದರೆ ಅವನು ಏನು ಮಾಡುತ್ತಾನೆ? ಮೆಮೊರಿಯಿಂದ ಹೊರಬರುತ್ತಾನೆ ಅಂತ ಉತ್ತರ. ಹಾಗಿದ್ದರೆ ನಾವೇ ಅದನ್ನು ಯಾಕೆ ಮಾಡಬಾರದು ಅಂದ ಗ್ರೋವ್. ಪ್ರತಿ ದೀಪಾವಳಿಗೆ ಲೆಕ್ಕ ಮುಗಿಸಿದ ಮೇಲೆ ನಾದಿನಿಯೂ ನಾನೂ ಈ ಪ್ರಶ್ನೆಯನ್ನು ಒಬ್ಬರಿಗೊಬ್ಬರು ಕೇಳಿಕೊಳ್ಳುತ್ತೇವೆ. ಕಾಯಿ ಹೋಳಿಗೆ ನಿಲ್ಲಿಸಿದ್ದು ಹಾಗೇ. ರುಚಿಗೆ ಹೆಸರಿತ್ತು, ಆದರೆ ಬೇಗ ಕೆಟ್ಟು ವಾಪಸು ಬರುವುದರಲ್ಲಿ ರೊಟ್ಟಿಯ ಲಾಭ ಕರಗುತ್ತಿತ್ತು.

ಪುಸ್ತಕಗಳಲ್ಲಿ ಸಿಗದ ಪೇಚುಗಳಿಗೆ ಈಗ ಬೇರೆ ಬಣ್ಣದ ಚೀಟಿ ಇಟ್ಟಿದ್ದೇನೆ. ಸುಗ್ಗಿಯಲ್ಲಿ ಕೆಲಸದವರೆಲ್ಲ ಊರಿಗೆ ಹೋದರೆ ಏನು ಮಾಡುವುದು, ಮಾಲದಂಡಿ ಜೋಳದ ದರ ಏರಿದ ವರ್ಷ ಗಿರಾಕಿಗೆ ಹೇಗೆ ಹೇಳುವುದು, ಇಂಥವು. ಇವಕ್ಕೆ ಹಳೆಯ ಖಾನಾವಳಿಯವರು, ಅಡತಿ ಅಂಗಡಿಯ ಹಿರಿಯರು, ಮಿಲ್ಲಿನವರು ಉತ್ತರ ಬಲ್ಲವರು. ಸಂಜೆ ಹೊತ್ತು ಹೋಗಿ ಕೂತು ಕೇಳುತ್ತೇನೆ. ಅವರಿಗೂ ಅದೇ ಪ್ರಶ್ನೆಗಳು: ಯಾವ ವರ್ಷ, ಕೈಯಲ್ಲಿ ಎಷ್ಟಿತ್ತು, ಬೇರೆ ಏನು ದಾರಿಯಿತ್ತು, ಯಾರ ದುಡ್ಡು. ಹೋದ ವಾರ ಒಬ್ಬ ಅಜ್ಜಾವರು, ಸುಗ್ಗಿಗೆ ಹೋಗುವ ಹೆಣ್ಣುಮಕ್ಕಳಿಗೆ ಮುಂಗಡವಾಗಿ ದುಡ್ಡು ಕೊಡುವ ಬದಲು ತಮ್ಮ ಖಾನಾವಳಿಯಲ್ಲಿ ವಾಪಸು ಬಂದ ದಿನ ಕೊಡುತ್ತಿದ್ದರಂತೆ ಅಂತ ಹೇಳಿದರು. ಅದರ ಮುಂದಿನ ಮೈ ಬರೆದಾಗಿದೆ. ಫೆಬ್ರವರಿಯಲ್ಲಿ ಜೋಳದ ಕೊಯ್ಲು ಶುರುವಾದಾಗ ನಮ್ಮಲ್ಲಿ ಮಾಡಿ ನೋಡಿ ಹಿಂದಿನ ಮೈ ಬರೆಯುತ್ತೇನೆ.