ನಿಮ್ಮ ಇಂಗ್ಲಿಷ್ ತಪ್ಪಿನ ಹಿಂದೆ ಯಾವ ಕನ್ನಡ ಮಾತಿದೆ?

ಗಂಗಾವತಿಯ ನಮ್ಮ ಮನೆ ಪಡಸಾಲೆಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡಲು ಶುರು ಮಾಡಿ ಹನ್ನೊಂದು ವರ್ಷ ಆಯಿತು. ಡಿಗ್ರಿ ಮುಗಿಸಿ ಇಂಟರ್‌ವ್ಯೂಗೆ ಓಡಾಡುವವರು, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯರು, ಆನೆಗೊಂದಿ ಕಡೆ ಆಟೋ ಓಡಿಸುವವರು ಬರುತ್ತಾರೆ. ಎಲ್ಲರ ತಪ್ಪೂ ಹೆಚ್ಚುಕಡಿಮೆ ಒಂದೇ, ಯಾಕಂದರೆ ಎಲ್ಲರೂ ಮೊದಲು ಕನ್ನಡದಲ್ಲಿ ಯೋಚಿಸುತ್ತಾರೆ. ಹಾಗಾಗಿ ನಿಯಮಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ತಪ್ಪು ಸಿಕ್ಕಾಗ, ಅದು ಯಾವ ಕನ್ನಡ ಮಾತಿನಿಂದ ಬಂತು ಅಂತ ಹುಡುಕಿ.

ಎಲ್ಲಕ್ಕಿಂತ ಜಾಸ್ತಿ ಕಾಣುವುದು 'ಹ್ಯಾಡ್'. "ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಹೊಸಪೇಟೆ" ಅಂತಾರೆ. ಕನ್ನಡದಲ್ಲಿ "ನಿನ್ನೆ ಹೊಸಪೇಟೆಗೆ ಹೋಗಿದ್ದೆ" ಅನ್ನುವುದೇ ಸಹಜ. 'ಹೋದೆ' ಅಂದರೆ, ಮುಂದೇನಾಯಿತು ಅಂತ ಎದುರಿನವರು ಕಾಯುತ್ತಾರೆ, ಅಲ್ವಾ? ಆ 'ಇದ್ದೆ'ಯೇ ಇಂಗ್ಲಿಷಿಗೆ ಹೋಗಿ 'ಹ್ಯಾಡ್' ಆಗುತ್ತದೆ. ಅಲ್ಲಿ "ಐ ವೆಂಟ್" ಸಾಕು.

ಹಾಗಾದರೆ 'ಹ್ಯಾಡ್' ಯಾವಾಗ ಬೇಕು? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ನಮ್ಮ ಕಡೆ ಅದನ್ನು ಯಾರೂ ಮರೆತಿಲ್ಲ. ಬರೀ ಆ ಸುದ್ದಿ ಹೇಳುವುದಾದರೆ "ದ ಗೇಟ್ ಬ್ರೋಕ್". ಬೆಳಿಗ್ಗೆ ಏಳುವಷ್ಟರಲ್ಲಿ ಗೇಟು ಹೋಗಿತ್ತು ಅನ್ನಬೇಕಾದರೆ "ವೆನ್ ಐ ವೋಕ್ ಅಪ್, ದ ಗೇಟ್ ಹ್ಯಾಡ್ ಬ್ರೋಕನ್". ಗೇಟು ಮುರಿದದ್ದು ಮೊದಲು, ನಾನು ಎದ್ದದ್ದು ಆಮೇಲೆ. ಹೀಗೆ ಎರಡು ಸಂಗತಿ ಇದ್ದು, ಮೊದಲಿನದು ಯಾವುದು ಅಂತ ತೋರಿಸುವಾಗಲೇ ಅದು ಬೇಕು.

ಇನ್ನೊಂದು ತಪ್ಪು ಮರ್ಯಾದೆಯಿಂದ ಹುಟ್ಟುತ್ತದೆ. ಒಬ್ಬ ಹುಡುಗಿ "ಮೈ ಫಾದರ್ ವರ್ಕ್ ಇನ್ ಎ ರೈಸ್ ಮಿಲ್. ದೇ ಗೋ ಅಟ್ ಸಿಕ್ಸ್" ಅಂತ ಬರೆದಿದ್ದಳು. 'ವರ್ಕ್ಸ್', 'ಹೀ ಗೋಸ್' ಅಂತ ತಿದ್ದಿದೆ. ಅವಳು ಪೆನ್ನು ಕೆಳಗಿಟ್ಟು, "ಅಕ್ಕೋರೆ, ನಮ್ಮಪ್ಪಗ 'ಹೀ' ಅಂದ್ರ ಏಕವಚನ ಆಗ್ತದಲ್ರೀ" ಅಂದಳು. ಅವಳ ಮಾತು ನನಗೆ ಬಹಳ ಹಿಡಿಸಿತು. ಕನ್ನಡದಲ್ಲಿ ಅಪ್ಪ 'ಹೋಗುತ್ತಾರೆ', ತಮ್ಮ 'ಹೋಗುತ್ತಾನೆ'. ನಮ್ಮ ಗೌರವ ಕ್ರಿಯಾಪದದಲ್ಲೇ ಇದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಆ ಕೆಲಸವಿಲ್ಲ. ಅಲ್ಲಿ ಅಪ್ಪನಿಗೂ 'ಹೀ', ತಮ್ಮನಿಗೂ 'ಹೀ'. ಒಬ್ಬರೇ ಇದ್ದರೆ, ಎಷ್ಟೇ ದೊಡ್ಡವರಾದರೂ, 'ವರ್ಕ್ಸ್', 'ಗೋಸ್', 'ಹ್ಯಾಸ್'.

'ಇಂದ' ಕೂಡ ತೊಡಕೇ. "ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ" ಅನ್ನಲು "ಐ ಆಮ್ ವರ್ಕಿಂಗ್ ಫ್ರಮ್ ತ್ರೀ ಇಯರ್ಸ್" ಅಂತಾರೆ. ಇಂಟರ್‌ವ್ಯೂನಲ್ಲಿ ಈ ವಾಕ್ಯ ಬಂದೇ ಬರುತ್ತದೆ, ಸರಿಯಾಗಿ ಕಲಿಯಿರಿ: "ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ತ್ರೀ ಇಯರ್ಸ್". ಎಷ್ಟು ಕಾಲ ಅಂತ ಅಳೆದು ಹೇಳಿದರೆ 'ಫಾರ್'. ಯಾವಾಗಿನಿಂದ ಅಂತ ಹೇಳಿದರೆ 'ಸಿನ್ಸ್'. ನಮ್ಮ ಜಿಲ್ಲೆ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ, ಹಾಗಾಗಿ "ಕೊಪ್ಪಳ ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್ ಸಿನ್ಸ್ 1997".

ಆಟೋದವರಿಗೆ ನಾನು ಮೊದಲು ತಿದ್ದುವುದು "ವೇರ್ ಯು ಆರ್ ಗೋಯಿಂಗ್?" ಕನ್ನಡದಲ್ಲಿ ಪ್ರಶ್ನೆ ಕೇಳಲು ಪದಗಳನ್ನು ಹಿಂದೆಮುಂದೆ ಮಾಡಬೇಕಿಲ್ಲ. ಇಂಗ್ಲಿಷಿನಲ್ಲಿ 'ಆರ್' ಮುಂದೆ ಬರಬೇಕು: "ವೇರ್ ಆರ್ ಯು ಗೋಯಿಂಗ್?" ದಿನಕ್ಕೆ ಇಪ್ಪತ್ತು ಸಲ ಜೋರಾಗಿ ಹೇಳಿ, ನಾಲಿಗೆಗೆ ರೂಢಿಯಾಗುತ್ತದೆ.

ಚಿಕ್ಕವು ಇನ್ನೂ ಇವೆ. "ಡಿಡ್ ನಾಟ್ ವೆಂಟ್" ಅಲ್ಲ, "ಡಿಡ್ ನಾಟ್ ಗೋ". "ಡಿಸ್ಕಸ್ ಅಬೌಟ್" ಅಲ್ಲ, ಬರೀ 'ಡಿಸ್ಕಸ್'. 'ಎ', 'ದ' ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಅವು ತಪ್ಪಿದರೂ ನಿಮ್ಮ ಮಾತು ಅರ್ಥವಾಗುತ್ತದೆ, ಆಮೇಲೆ ಕಲಿಯಬಹುದು.

ಇವತ್ತೇ ಒಂದು ಇನ್ನೂರು ಪೇಜಿನ ನೋಟ್‌ಬುಕ್ ತನ್ನಿ. ಎಡಗಡೆ ನೀವು ಆಡಿದ ಇಂಗ್ಲಿಷ್ ವಾಕ್ಯ, ಬಲಗಡೆ ಅದು ಹುಟ್ಟಿದ ಕನ್ನಡ ವಾಕ್ಯ, ಕೆಳಗೆ ತಿದ್ದಿದ್ದು. ಮೊದಲ ವಾರ ಬರೀ 'ಹ್ಯಾಡ್' ಹಿಡಿಯಿರಿ. ಎರಡನೇ ವಾರ ಅಪ್ಪ, ಅಮ್ಮ, ಅಜ್ಜಿಯ ಬಗ್ಗೆ ದಿನಕ್ಕೆ ಐದು ವಾಕ್ಯ ಬರೆದು, ಕ್ರಿಯಾಪದದ ಕೊನೆಗೆ 'ಎಸ್' ಇದೆಯಾ ಅಂತ ಬೆರಳಿಟ್ಟು ನೋಡಿ.