ಫ್ರೆಂಚ್ ವೈನ್: ದ್ರಾಕ್ಷಿ ಹೆಸರಲ್ಲ, ಊರು ನೋಡಿ
ಫ್ರೆಂಚ್ ವೈನ್ ಕೊಳ್ಳುವಾಗ ಲೇಬಲ್ ಮೇಲೆ ದ್ರಾಕ್ಷಿ ಹೆಸರು ಹುಡುಕುತ್ತಾ ನಿಲ್ಲಬೇಡಿ. ಹೆಚ್ಚಿನವುಗಳಲ್ಲಿ ಊರಿನ ಹೆಸರಷ್ಟೇ ಇರುತ್ತದೆ. ಶಾಬ್ಲಿ ಅಂದರೆ ಶಾರ್ಡನೆ ದ್ರಾಕ್ಷಿ, ಬಿಳಿ ಸಾನ್ಸೇರ್ ಅಂದರೆ ಸೊವಿನ್ಯೋಂ ಬ್ಲಾಂ. ಬೋರ್ಡೋ ಕೆಂಪು ವೈನ್ ಮಾತ್ರ ಸಾಮಾನ್ಯವಾಗಿ ಬೇರೆ ಬೇರೆ ದ್ರಾಕ್ಷಿಗಳ ಮಿಶ್ರಣ. ಅಲ್ಲಿ ನದಿಯ ಯಾವ ದಂಡೆಯದ್ದು ಅಂತ ನೋಡಿ. ಎಡದಂಡೆಯ ಮೆಡಾಕ್, ಪೋಯಾಕ್ ಕಡೆ ಜಲ್ಲಿಕಲ್ಲಿನ ನೆಲ; ಕ್ಯಾಬರ್ನೆ ಸೊವಿನ್ಯೋಂ ಜಾಸ್ತಿ, ಒಗರೂ ಜಾಸ್ತಿ. ಬಲದಂಡೆಯ ಸೇಂಟ್ ಎಮಿಲಿಯೋಂ, ಪೊಮರೋಲ್‌ನಲ್ಲಿ ಮೆರ್ಲೋದೇ ಮೇಲುಗೈ, ಬಾಯಿಗೆ ಮೆತ್ತಗಿರುತ್ತದೆ. ಹೊಸಬರಿಗೆ ನಾನು ಇದನ್ನೇ ಹೇಳುವುದು. ಎಡದಂಡೆಯದ್ದು ಇನ್ನೂ ಎಳೆಯದಾಗಿದ್ದರೆ ಒಂದು ಗಂಟೆ ಮೊದಲೇ ಜಗ್ಗಿಗೆ ಸುರಿದಿಡಿ. ಸುಮ್ನೆ ಬಿರಡೆ ತೆಗೆದಿಟ್ಟರೆ ಸಾಲದು, ಬಾಟಲಿಯ ಕುತ್ತಿಗೆ ಕಿರಿದು ಅಲ್ವಾ, ಗಾಳಿ ತಾಗುವುದಿಲ್ಲ. ದ್ರಾಕ್ಷಿ ಹೆಸರು ಬೇಕೇ ಬೇಕು ಅನ್ನುವವರಿಗೆ ಅಲ್ಸಾಸ್ ಪ್ರದೇಶದ ವೈನ್ ಇದೆ. ಅಲ್ಲಿ ರೀಸ್ಲಿಂಗ್ ಅಂತ ಬರೆದಿದ್ದರೆ ಒಳಗಿರುವುದು ಪೂರ್ತಿ ರೀಸ್ಲಿಂಗೇ.