ಓಪನ್ ಮೈಕ್ ಹತ್ತುವ ಮುನ್ನ ತಿಳಿದಿರಬೇಕಾದ ಸ್ಟ್ಯಾಂಡಪ್ ಪರಿಭಾಷೆ

ಬೆಂಗಳೂರಿನ ಓಪನ್ ಮೈಕ್‌ಗಳಲ್ಲಿ, ಅಂದರೆ ಹೊಸಬರೂ ವೇದಿಕೆ ಹತ್ತಿ ಜೋಕ್ ಹೇಳಿ ನೋಡಬಹುದಾದ ಕಾರ್ಯಕ್ರಮಗಳಲ್ಲಿ, ಹೊಸಬರಿಗೆ ಸಾಮಾನ್ಯವಾಗಿ ನಾಲ್ಕೈದು ನಿಮಿಷಗಳ ಅವಕಾಶ ಸಿಗುತ್ತದೆ. ಅದನ್ನು ‘ಸ್ಪಾಟ್’ ಎನ್ನುತ್ತಾರೆ. ಆ ಅವಧಿಯಲ್ಲಿ ನೀವು ಹೇಳುವುದೆಲ್ಲ ಸೇರಿ ನಿಮ್ಮ ‘ಸೆಟ್’, ಅದರೊಳಗೆ ಒಂದೇ ವಿಷಯದ ಸುತ್ತ ಹೆಣೆದ ಭಾಗ ‘ಬಿಟ್’. ಕಾರ್ಯಕ್ರಮ ಮುಗಿದ ಮೇಲೆ ಅನುಭವಿಗಳು ಕೊಡುವ ಸಲಹೆಯೆಲ್ಲ ಈ ಪರಿಭಾಷೆಯಲ್ಲೇ ಇರುವುದರಿಂದ, ‘ಸೆಟಪ್ ಉದ್ದವಾಯಿತು’ ಎಂದು ಯಾರಾದರೂ ಹೇಳಿದರೆ ಯಾವ ಸಾಲಿಗೆ ಕತ್ತರಿ ಹಾಕಬೇಕೆಂಬುದು ನಿಮಗೆ ತಕ್ಷಣ ಹೊಳೆಯಬೇಕು.

ಒಂದು ಜೋಕನ್ನೇ ಬಿಡಿಸಿ ನೋಡೋಣ. “ನಮ್ ಓನರ್ ತುಂಬಾ ಒಳ್ಳೇವ್ರು, ಬಾಡಿಗೆ ಲೇಟಾದ್ರೆ ಒಂದು ಮಾತೂ ಆಡಲ್ಲ” ಎಂಬುದು ಸೆಟಪ್. ಕೇಳುಗರಲ್ಲಿ ನಿರೀಕ್ಷೆ ಹುಟ್ಟಿಸುವುದಷ್ಟೇ ಅದರ ಕೆಲಸ. “ಸುಮ್ನೆ ನೀರಿನ ಮೋಟರ್ ಆಫ್ ಮಾಡ್ತಾರೆ” ಎಂಬುದು ಆ ನಿರೀಕ್ಷೆಯನ್ನು ಮುರಿಯುವ ಪಂಚ್. ಆದರೆ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನಗು ತರಿಸುವ ಪದ ನಡುವೆ ಸಿಲುಕುತ್ತದೆ, ಜನ ನಗಲು ಆರಂಭಿಸಿದ ಮೇಲೂ ನೀವು ಮಾತಾಡುತ್ತಲೇ ಇರುತ್ತೀರಿ. ಆಡುಮಾತಿಗಿರುವ ಸಲುಗೆಯನ್ನು ಬಳಸಿಕೊಂಡು “ಸುಮ್ನೆ ಆಫ್ ಮಾಡ್ತಾರೆ, ನೀರಿನ ಮೋಟರ್‌ನ” ಎಂದು ತಿರುಗಿಸಿ, ಅಲ್ಲಿಗೇ ಬಾಯಿ ಮುಚ್ಚಿ. ಕನ್ನಡದಲ್ಲಿ ಜೋಕ್ ಬರೆಯುವವರು ಮೊದಲು ರೂಢಿಸಿಕೊಳ್ಳಬೇಕಾದ ತಿದ್ದುಪಡಿ ಇದೇ ಎಂಬುದು ನನ್ನ ದೃಢ ನಂಬಿಕೆ.

ಹೊಸ ಸೆಟಪ್ ಇಲ್ಲದೆ ಅದೇ ಪಂಚಿನ ಬೆನ್ನಿಗೆ ಬರುವ ಇನ್ನೊಂದು ನಗುವಿಗೆ ‘ಟ್ಯಾಗ್’ ಎನ್ನುತ್ತಾರೆ: “ಮೂರನೇ ದಿನ ಬಾಡಿಗೆ ಕೊಡೋಕೆ ಹೋದ್ರೆ, ಅಲ್ಲೇ ನಿಂತು ಫೋನ್‌ಪೇ ಮಾಡಪ್ಪ ಅಂತಾರೆ.” ಸೆಟ್ಟಿನ ಕೊನೆಯಲ್ಲಿ ಆಫೀಸಿನ ಕಥೆ ಹೇಳುತ್ತ “ಬಾಸ್ ಒಂದು ಮಾತೂ ಆಡ್ಲಿಲ್ಲ, ನಾನು ಓಡಿಹೋಗಿ ಒಂದು ಬಕೆಟ್ ನೀರು ಹಿಡಿದಿಟ್ಕೊಂಡೆ” ಎಂದು ಮೊದಲಿನ ಜೋಕನ್ನು ನೆನಪಿಸಿ ನಗಿಸಿದರೆ ಅದು ‘ಕಾಲ್‌ಬ್ಯಾಕ್’. ಮೊದಲ ಜೋಕಿಗೆ ಜನ ನಕ್ಕಿರದಿದ್ದರೆ ಕಾಲ್‌ಬ್ಯಾಕನ್ನು ಕೈಬಿಡುವುದೇ ಒಳ್ಳೆಯದು, ಏಕೆಂದರೆ ಅದು ನಿಂತಿರುವುದೇ ಆ ನೆನಪಿನ ಮೇಲೆ.

ಓನರ್‌ನ ದನಿ, ನಿಲುವುಗಳನ್ನು ಅಭಿನಯಿಸಿ ತೋರಿಸುವುದು ‘ಆ್ಯಕ್ಟ್‌ಔಟ್’. ಪ್ರೇಕ್ಷಕರನ್ನು ಮಾತಿಗೆಳೆದು ಅಲ್ಲಿಂದಲೇ ಹಾಸ್ಯ ಹುಟ್ಟಿಸುವುದು ‘ಕ್ರೌಡ್‌ವರ್ಕ್’. ಕರೆಯದೆ ನಡುವೆ ಬಾಯಿ ಹಾಕುವವರು ‘ಹೆಕ್ಲರ್’. ಸೆಟ್ ಪೂರ್ತಿ ನೆಲಕಚ್ಚಿದರೆ ‘ಬಾಂಬ್’ ಆಯಿತೆನ್ನುತ್ತಾರೆ, ಜನ ಬಿದ್ದುಬಿದ್ದು ನಕ್ಕರೆ ‘ಕಿಲ್’ ಮಾಡಿದಿರೆನ್ನುತ್ತಾರೆ. ಎಲ್ಲರೂ ಹೇಳಿ ಸವೆದುಹೋದ ವಿಷಯ ‘ಹ್ಯಾಕ್’.

ಇನ್ನು ‘ಲೈಟ್’. ಸಮಯ ಮುಗಿಯುತ್ತಿದೆ ಎಂದು ಪ್ರೇಕ್ಷಕರ ಹಿಂದಿನಿಂದ ನಿಮಗೆ ತೋರಿಸುವ ಟಾರ್ಚ್ ಅಥವಾ ಮೊಬೈಲಿನ ಬೆಳಕು ಇದು. 1979ರಲ್ಲಿ ಲಂಡನ್ನಿನಲ್ಲಿ ಕಾಮಿಡಿ ಸ್ಟೋರ್ ಎಂಬ ಹಾಸ್ಯ ಕ್ಲಬ್ ಆರಂಭವಾದಾಗ, ಜನರಿಗೆ ಹಿಡಿಸದ ಕಲಾವಿದರನ್ನು ಜಾಗಟೆ ಬಾರಿಸಿ ಕೆಳಗಿಳಿಸುತ್ತಿದ್ದರು. ಅದಕ್ಕೆ ಹೋಲಿಸಿದರೆ ಲೈಟ್ ಸೌಮ್ಯವಾದ ಸೂಚನೆ, ಆದರೂ ಅದನ್ನು ಕಡೆಗಣಿಸುವಂತಿಲ್ಲ. ನೀವು ಹೆಚ್ಚಾಗಿ ತೆಗೆದುಕೊಂಡ ಪ್ರತಿ ನಿಮಿಷವೂ ಸರದಿಗಾಗಿ ಕಾಯುತ್ತಿರುವ ಇನ್ನೊಬ್ಬ ಹೊಸಬರದ್ದು. ಆದ್ದರಿಂದ ಲೈಟ್ ಕಂಡ ಕೂಡಲೇ ಹೊಸ ಬಿಟ್ ಆರಂಭಿಸದೆ, ನಿಮ್ಮ ಅತ್ಯಂತ ಗಟ್ಟಿಯಾದ ಜೋಕನ್ನು ಹೇಳಿ, ಮೈಕನ್ನು ಸ್ಟ್ಯಾಂಡಿಗೆ ಮರಳಿಸಿ ಇಳಿಯಿರಿ.